ಮುಚ್ಚಿದ ಕಾರ್ಖಾನೆಯ ಹೆಸರು ಯಾರ ಆಸ್ತಿ?

ಉತ್ಪಾದನೆ ನಿಂತುಹೋದ ಸರಕಿಗೆ ಬೆಲೆ ಇಳಿಯುವುದು ವ್ಯಾಪಾರದ ಸಾಮಾನ್ಯ ನಿಯಮ. ಬಿಡಿಭಾಗಗಳು ದೊರೆಯದಾಗುತ್ತವೆ, ರಿಪೇರಿ ಬಲ್ಲವರು ಕಡಿಮೆಯಾಗುತ್ತಾರೆ, ಕೊನೆಗೆ ಮರುಮಾರಾಟದ ಬೆಲೆ ಗುಜರಿಯ ತೂಕಕ್ಕೆ ಬಂದು ನಿಲ್ಲುತ್ತದೆ. ಆದರೆ ಈ ನಿಯಮವನ್ನು ಮೀರಿದ ಕೆಲವು ಸರಕುಗಳಿವೆ. ಮೈಸೂರಿನಲ್ಲಿ 1996ರಲ್ಲಿ ತಯಾರಿಕೆ ನಿಂತ ಯೆಜ್ಡಿ ಮೋಟಾರ್ ಸೈಕಲ್ ಅಂಥದೊಂದು. ಕೇಂದ್ರ ಸರ್ಕಾರ 2016ರಲ್ಲಿ ಮುಚ್ಚಲು ನಿರ್ಧರಿಸಿದ ಎಚ್‌ಎಂಟಿ ವಾಚ್ ಘಟಕದ ಕೀಲಿ ಕೊಡುವ ಕೈಗಡಿಯಾರ ಇನ್ನೊಂದು. ಅಮೆರಿಕದಲ್ಲಿ ಹಳೆಯ ಕಾರ್ಖಾನೆಗಳಲ್ಲಿ ತಯಾರಾಗಿ ಈಗ ನಿಂತುಹೋಗಿರುವ ಬೇಸ್ ಗಿಟಾರುಗಳು ಮತ್ತೊಂದು. ಇವುಗಳನ್ನು ಹುಡುಕಿಕೊಂಡು ಊರೂರು ಅಲೆಯುವವರಿದ್ದಾರೆ. ಹೊಸ ಸರಕಿಗಿಂತ ಹೆಚ್ಚಿನ ಬೆಲೆ ತೆತ್ತು ಕೊಳ್ಳುವವರೂ ಇದ್ದಾರೆ.

ಇಂಥವರನ್ನು ಕಂಡು ನಗುವುದು ಸುಲಭ. ಆದರೆ ಹಂಬಲಕ್ಕೆ ಹಣ ಕೊಡುವ ಗ್ರಾಹಕನಿದ್ದಾನೆ ಎಂದಾದ ಕೂಡಲೇ ಆ ಹಂಬಲ ಒಂದು ಆಸ್ತಿಯಾಗುತ್ತದೆ. ಆಸ್ತಿ ಎಂದ ಮೇಲೆ ಅದಕ್ಕೊಬ್ಬ ಒಡೆಯನಿರಬೇಕು. ಕಾರ್ಖಾನೆಗೆ ಬೀಗ ಬಿದ್ದು, ಯಂತ್ರಗಳು ಹರಾಜಾಗಿ, ಪಾಲುದಾರರು ಚದುರಿದ ಮೇಲೆ ಉಳಿಯುವ ಹೆಸರಿಗೆ ಒಡೆಯರು ಯಾರು ಎಂಬುದೇ ಈ ಲೇಖನದ ವಿಷಯ. ನಮ್ಮ ಯಾದಗಿರಿ, ಶಹಾಪುರ, ಸುರಪುರ ಭಾಗದ ಬೇಳೆ ಮಿಲ್ಲು, ಅಕ್ಕಿ ಗಿರಣಿ ಮತ್ತು ಜಿನ್ನಿಂಗ್ ಘಟಕಗಳ ಮಾಲೀಕರಿಗೂ ಗಿಟಾರಿಗೂ ಏನು ಸಂಬಂಧ ಎಂದು ಸದಸ್ಯ ಬಾಂಧವರು ಕೇಳಬಹುದು. ಸಂಬಂಧವಿದೆ, ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಓದಬೇಕು.

ಗಿಟಾರಿನ ಲೆಕ್ಕ

ಬೇಸ್ ಗಿಟಾರ್ ಎಂದರೆ ಸಾಮಾನ್ಯವಾಗಿ ನಾಲ್ಕು ದಪ್ಪ ತಂತಿಗಳಿರುವ, ಮಂದ್ರ ಸ್ವರ ನುಡಿಸುವ ವಿದ್ಯುತ್ ವಾದ್ಯ. ಭಜನೆಯಲ್ಲಿ ಡಗ್ಗಾ ಮಾಡುವ ಕೆಲಸವನ್ನು ಸಿನಿಮಾ ಹಾಡಿನ ವಾದ್ಯವೃಂದದಲ್ಲಿ ಇದು ಮಾಡುತ್ತದೆ. ನುಡಿಯುತ್ತಿರುವಾಗ ಯಾರ ಗಮನಕ್ಕೂ ಬಾರದು. ನಿಂತಾಗ ಮಾತ್ರ ಹಾಡು ಬರಿದಾದದ್ದು ತಿಳಿಯುತ್ತದೆ. ಮೊದಲು ಈ ಕೆಲಸಕ್ಕೆ ಆಳೆತ್ತರದ, ಪಿಟೀಲಿನ ಆಕಾರದ ದೊಡ್ಡ ವಾದ್ಯವನ್ನು ಹೊತ್ತು ತಿರುಗಬೇಕಿತ್ತು. ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ನಡೆಸಿದ್ದ ಲಿಯೋ ಫೆಂಡರ್ ಎಂಬುವರು 1951ರಲ್ಲಿ ‘ಪ್ರಿಸಿಷನ್ ಬೇಸ್’ ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದು ಆ ಕಷ್ಟವನ್ನು ನಿವಾರಿಸಿದರು. ಫೆಂಡರ್ ಅವರು ಓದಿದ್ದು ಲೆಕ್ಕಶಾಸ್ತ್ರ; ಅಂಗಡಿ ತೆರೆಯುವ ಮುನ್ನ ಮಾಡಿದ್ದು ಲೆಕ್ಕ ಬರೆಯುವ ಉದ್ಯೋಗ. ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. ನಮ್ಮ ವೃತ್ತಿಯವರಿಂದ ಜಗತ್ತಿಗೆ ಸಂಗೀತ ಸಂದ ಉದಾಹರಣೆಗಳು ಹೆಚ್ಚಿಲ್ಲವಾದ್ದರಿಂದ ಇದನ್ನು ಇಲ್ಲಿ ದಾಖಲಿಸಿದ್ದೇನೆ.

ಜನವರಿ 1965ರಲ್ಲಿ ಫೆಂಡರ್ ತಮ್ಮ ಕಂಪನಿಯನ್ನು ಸಿಬಿಎಸ್ ಎಂಬ ಬೃಹತ್ ಪ್ರಸಾರ ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದರು. ಹೊಸ ಒಡೆಯರು ಉತ್ಪಾದನೆ ಹೆಚ್ಚಿಸಿದರು, ಖರ್ಚು ಇಳಿಸಿದರು. ಗಿಟಾರಿನ ಕುತ್ತಿಗೆಯನ್ನು ಒಡಲಿಗೆ ನಾಲ್ಕು ಸ್ಕ್ರೂಗಳಿಂದ ಬಿಗಿಯುವುದು ಮೊದಲಿನ ಪದ್ಧತಿ. 1970ರ ದಶಕದಲ್ಲಿ ಕೆಲವು ಮಾದರಿಗಳಿಗೆ ಮೂರೇ ಸ್ಕ್ರೂ ಬಂದವು. ಒಂದು ಸ್ಕ್ರೂವಿನ ಉಳಿತಾಯ ಅಢಾವೆ ಪತ್ರಿಕೆಯಲ್ಲಿ ಕಾಣುವಂಥದಲ್ಲ. ಗ್ರಾಹಕರಿಗೆ ಮಾತ್ರ ಅದು ಕಂಡಿತು. ಇಂದಿಗೂ ಹಳೆಯ ವಾದ್ಯಗಳ ವ್ಯಾಪಾರದಲ್ಲಿ ‘ಸಿಬಿಎಸ್‌ಗೆ ಮುಂಚಿನದು’ ಎಂಬ ಒಂದು ವಿಶೇಷಣ ಬೆಲೆಯನ್ನು ಎಷ್ಟೋ ಪಟ್ಟು ಏರಿಸುತ್ತದೆ. ಮಾರಾಟದ ವರ್ಷವೇ ಸರಕಿನ ದರ್ಜೆಯ ಮುದ್ರೆಯಾಯಿತೆಂದರೆ ಕೊಂಡವರ ಆಡಳಿತಕ್ಕೆ ಇದಕ್ಕಿಂತ ಕಠಿಣವಾದ ಆಡಿಟ್ ವರದಿ ಬೇರೆ ಇರಲಾರದು.

ಇಲ್ಲಿಂದ ಮುಂದಿನದು ವರ್ತಕರಿಗೆ ಮುಖ್ಯವಾದ ಭಾಗ. 1985ರಲ್ಲಿ ಸಿಬಿಎಸ್ ಈ ವ್ಯವಹಾರದಿಂದ ಹೊರಬಂದಿತು. ವಿಲಿಯಂ ಶುಲ್ಟ್ಸ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಕಂಪನಿಯ ನೌಕರರೇ ಕೂಡಿ 1 ಕೋಟಿ 25 ಲಕ್ಷ ಡಾಲರ್ ಕೊಟ್ಟು ಅದನ್ನು ಕೊಂಡರು. ಕೊಂಡದ್ದಾದರೂ ಏನನ್ನು? ಫುಲರ್ಟನ್‌ನ ಕಟ್ಟಡಗಳು ಮಾರಾಟದಲ್ಲಿ ಸೇರಿರಲಿಲ್ಲ, ಯಂತ್ರಗಳೂ ಸೇರಿರಲಿಲ್ಲ. ಹೆಸರು, ಪೇಟೆಂಟುಗಳು ಹಾಗೂ ಉಳಿದ ಬಿಡಿಭಾಗಗಳ ದಾಸ್ತಾನು, ಇಷ್ಟೇ ಅವರ ಕೈಗೆ ಬಂದದ್ದು. ಕರೋನಾ ಎಂಬ ಬೇರೊಂದು ಊರಿನಲ್ಲಿ ಹೊಸದಾಗಿ ಕಾರ್ಖಾನೆ ಹೂಡುವವರೆಗೆ ಅಮೆರಿಕದ ತಯಾರಿಕೆಯೇ ನಿಂತಿತ್ತು. ಜಪಾನಿನಲ್ಲಿ ಮಾಡಿಸಿದ ಸರಕಿನಿಂದ ಅಂಗಡಿಗಳನ್ನು ತುಂಬಿಸಬೇಕಾಯಿತು. ಇಪ್ಪತ್ತು ವರ್ಷದ ಹಿಂದೆ ಕಾರ್ಖಾನೆ, ಯಂತ್ರ, ಹೆಸರು ಎಲ್ಲ ಸೇರಿ 1 ಕೋಟಿ 30 ಲಕ್ಷ. ಇಪ್ಪತ್ತು ವರ್ಷದ ಬಳಿಕ ಗೋಡೆಯೂ ಇಲ್ಲದ ಬರೀ ಹೆಸರಿಗೆ ಹತ್ತಿರ ಹತ್ತಿರ ಅಷ್ಟೇ ಹಣ. ನಡುವೆ ಡಾಲರಿನ ಬೆಲೆ ಸಾಕಷ್ಟು ಕುಸಿದಿತ್ತೆಂಬುದನ್ನು ಮರೆಯುವಂತಿಲ್ಲವಾದರೂ, ಇಟ್ಟಿಗೆ ಕಬ್ಬಿಣಗಳಿಲ್ಲದೆ ನಡೆದ ಈ ಮಾರಾಟ ಒಂದು ಪಾಠವೇ ಸರಿ.

ಇದೇ ಹೊತ್ತಿನಲ್ಲಿ ಇದಕ್ಕೆ ತಿರುವುಮುರುವಾದ ಘಟನೆ ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿ ನಡೆಯಿತು. ಗಿಬ್ಸನ್ ಎಂಬ ಪ್ರಸಿದ್ಧ ವಾದ್ಯ ಕಂಪನಿ 1984ರಲ್ಲಿ ಅಲ್ಲಿನ ಹಳೆಯ ಕಾರ್ಖಾನೆಯನ್ನು ಮುಚ್ಚಿ ನ್ಯಾಶ್‌ವಿಲ್‌ಗೆ ಹೋಯಿತು. ಊರು ಬಿಡಲು ಒಪ್ಪದ ಹಳೆಯ ಕೆಲಸಗಾರರು 1985ರಲ್ಲಿ ಅದೇ ಕಟ್ಟಡದಲ್ಲಿ ಗಿಟಾರ್ ಮಾಡತೊಡಗಿದರು. ಕೈ ಅದೇ, ಕಸುಬು ಅದೇ, ನೆಲವೂ ಅದೇ. ಹೆಸರು ಮಾತ್ರ ಅವರದಲ್ಲ. ‘ಹೆರಿಟೇಜ್’ ಎಂದು ಹೊಸ ಹೆಸರಿಟ್ಟುಕೊಂಡು ಸೊನ್ನೆಯಿಂದ ಗ್ರಾಹಕರನ್ನು ಹುಡುಕಬೇಕಾಯಿತು.

ಲಿಯೋ ಫೆಂಡರ್ ಅವರು ಕಂಪನಿ ಮಾರಿದ ಮೇಲೂ ಸುಮ್ಮನೆ ಕೂರಲಿಲ್ಲ. ಹತ್ತು ವರ್ಷ ಪೈಪೋಟಿ ಮಾಡಕೂಡದೆಂಬ ಷರತ್ತಿನ ಅವಧಿ ಕಳೆದ ಮೇಲೆ ಮ್ಯೂಸಿಕ್ ಮ್ಯಾನ್ ಎಂಬ ಸಂಸ್ಥೆಗಾಗಿ 1976ರಲ್ಲಿ ‘ಸ್ಟಿಂಗ್‌ರೇ’ ಬೇಸ್ ಬಂದಿತು. ಬಳಿಕ ಅದೇ ಫುಲರ್ಟನ್‌ನಲ್ಲಿ ಜಿ ಆಂಡ್ ಎಲ್ ಎಂಬ ತಮ್ಮ ಕೊನೆಯ ಕಂಪನಿಯನ್ನು ಕಟ್ಟಿದರು. ಅವರು 1991ರಲ್ಲಿ ತೀರಿಕೊಂಡರು. 2025ರಲ್ಲಿ ಜಿ ಆಂಡ್ ಎಲ್ ಕಾರ್ಖಾನೆಯೂ ಮುಚ್ಚಿತು. ಆ ಹೆಸರಿನ ಹಕ್ಕನ್ನು ಕೊಂಡವರು ಬೇರಾರೂ ಅಲ್ಲ, ಫೆಂಡರ್ ಕಂಪನಿಯವರೇ. ತಾನು ಮಾರಿದ ಹೆಸರಿನೊಡನೆ ತಾನು ಆಮೇಲೆ ಕಟ್ಟಿದ ಹೆಸರೂ ಹೋಗಿ ಸೇರಿತು.

ಹಳೆಯ ಸರಕಿಗೆ ಹಂಬಲ ಹುಟ್ಟುವುದೇಕೆ ಎಂಬುದಕ್ಕೆ ನನಗೆ ತೋಚುವ ಕಾರಣ ಒಂದೇ. ಬಿಚ್ಚಿ ಜೋಡಿಸಬಹುದಾದ ಸರಕು ಮಾತ್ರ ತನ್ನ ಕಾರ್ಖಾನೆಗಿಂತ ಹೆಚ್ಚು ಕಾಲ ಬಾಳುತ್ತದೆ. ಫೆಂಡರ್ ಗಿಟಾರಿನ ಕುತ್ತಿಗೆ ಕೆಟ್ಟರೆ ಸ್ಕ್ರೂ ಬಿಚ್ಚಿ ಬೇರೆಯದನ್ನು ಕೂಡಿಸಬಹುದು. ಎಚ್‌ಎಂಟಿಯ ಕೀಲಿ ಗಡಿಯಾರವನ್ನು ತಾಲ್ಲೂಕು ಕೇಂದ್ರದ ಗಡಿಯಾರ ರಿಪೇರಿಯವನೂ ಬಿಚ್ಚಬಲ್ಲ. ಬದುಕುಳಿದ ಸರಕಿಗೆ ಮಾತ್ರ ನೆನಪು ಅಂಟಿಕೊಳ್ಳುತ್ತದೆ. ಗುಜರಿಗೆ ಹೋದ ಪ್ಲಾಸ್ಟಿಕ್ಕಿಗೆ ಯಾರೂ ಕಣ್ಣೀರಿಡುವುದಿಲ್ಲ. ಇದೇ ಗುಣದಿಂದ ಒಂದು ಅಪಾಯವೂ ಇದೆ. ಹಳೆಯ ಗಡಿಯಾರಗಳ ಭಾಗಗಳನ್ನು ಬೆರೆಸಿ, ಹೊಸದಾಗಿ ಅಚ್ಚು ಹಾಕಿದ ಡಯಲ್ ಕೂಡಿಸಿ ‘ಅಪರೂಪದ ಎಚ್‌ಎಂಟಿ’ ಎಂದು ಮಾರುವ ದಂಧೆ ಇದೆ. ಒಡೆಯನ ಗಮನವಿಲ್ಲದ ಹೆಸರಿನ ಮೇಲೆ ಮೊದಲು ಕೈ ಇಡುವವನು ನಕಲಿಯವನೇ.

ಮೈಸೂರಿನ ಯೆಜ್ಡಿ

1980ರ ದಶಕದಲ್ಲಿ ನಮ್ಮ ಕೊಂಕಲ್ ಕಡೆಯ ರಸ್ತೆಗಳನ್ನು ಕಂಡವರಿಗೆ ಯೆಜ್ಡಿಯ ಪರಿಚಯ ಮಾಡಿಕೊಡಬೇಕಿಲ್ಲ. ಎರೆ ಮಣ್ಣಿನ ಹಾದಿಯಲ್ಲಿ ಹಿಂದೊಬ್ಬ ಸವಾರ, ನಡುವೆ ತೊಗರಿಯ ಚೀಲ, ಎರಡು ಬದಿಗೂ ಹೊಗೆಕೊಳವೆ. ಕಿಕ್ ಹೊಡೆಯುವ ಲಿವರನ್ನೇ ತಿರುಗಿಸಿದರೆ ಗೇರ್ ಲಿವರ್. ಹಳ್ಳಿಯೊಳಗೆ ಬರುವ ಮೊದಲೇ ಶಬ್ದದಿಂದ ಯಾರ ಗಾಡಿ ಎಂದು ಗುರುತು ಹಿಡಿಯುತ್ತಿದ್ದರು. ಅಡತಿಯವರು ಬಾಕಿ ವಸೂಲಿಗೆ ಹೊರಟರೆ ಈ ಶಬ್ದ ಕೇಳಿಯೇ ಕೆಲವರು ಹೊಲದ ಕಡೆ ನಡೆಯುತ್ತಿದ್ದರೆಂದು ಹಿರಿಯ ವರ್ತಕರು ನಗುತ್ತ ಹೇಳುವುದುಂಟು.

ಐಡಿಯಲ್ ಜಾವಾ ಕಂಪನಿ ಮೈಸೂರಿನಲ್ಲಿ ಸ್ಥಾಪನೆಯಾದದ್ದು 1960ರಲ್ಲಿ. ತಯಾರಿಕೆ ಆರಂಭವಾದದ್ದು 1961ರಲ್ಲಿ. ಸ್ಥಾಪಕರು ರುಸ್ತುಂ ಇರಾನಿ ಮತ್ತು ಫಾರುಖ್ ಇರಾನಿ. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಬೆಂಬಲವೂ ಇದಕ್ಕೆ ದೊರೆತಿತ್ತು. ಇಲ್ಲಿ ಎರಡು ಹೆಸರುಗಳ ವ್ಯತ್ಯಾಸವನ್ನು ವರ್ತಕರು ಗಮನಿಸಬೇಕು. ‘ಜಾವಾ’ ಎಂಬುದು ಜೆಕೊಸ್ಲೊವಾಕಿಯಾದ ಕಂಪನಿಯ ಹೆಸರು. ಯಾನೆಚೆಕ್ ಎಂಬ ಸ್ಥಾಪಕರ ಹೆಸರಿನ ಮೊದಲೆರಡು ಅಕ್ಷರ ಮತ್ತು ವಾಂಡರರ್ ಎಂಬ ಜರ್ಮನ್ ಕಂಪನಿಯ ಮೊದಲೆರಡು ಅಕ್ಷರ ಸೇರಿ ಆದದ್ದು. ಮೈಸೂರಿನವರು ಅದನ್ನು ಲೈಸೆನ್ಸ್ ಮೇಲೆ ಬಳಸುತ್ತಿದ್ದರು. 1970ರ ದಶಕದಲ್ಲಿ ಬಂದ ‘ಯೆಜ್ಡಿ’ ಮಾತ್ರ ಸ್ವಂತ ಹೆಸರು. ಇರಾನಿನ ಯಜ್ದ್ ಎಂಬ ಊರಿನಿಂದ ಅದು ಬಂದಿದೆ. ಬಾಡಿಗೆಯ ಹೆಸರಿನಲ್ಲಿ ಎಷ್ಟು ವ್ಯಾಪಾರ ಮಾಡಿದರೂ ಕೀರ್ತಿ ಸೇರುವುದು ಹೆಸರಿನ ಒಡೆಯನಿಗೆ. ಸ್ವಂತ ಹೆಸರಿನಲ್ಲಿ ಗಳಿಸಿದ್ದು ನಮ್ಮದೇ, ಕಾಪಾಡಿಕೊಂಡರೆ.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದಿತು. ಯಮಹಾ ಆರ್‌ಎಕ್ಸ್ 100 ಸಹ ಅದೇ ವರ್ಷದ್ದು. ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ಕಿಲೋಮೀಟರ್ ಎಂಬ ಪ್ರಶ್ನೆ ಮಾರುಕಟ್ಟೆಯನ್ನು ಆಳತೊಡಗಿದ ಮೇಲೆ 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್ನಿಗೆ ಉತ್ತರವಿರಲಿಲ್ಲ. ಹೊಗೆ ನಿಯಂತ್ರಣದ ನಿಯಮಗಳೂ ಬಿಗಿಯಾದವು. 1996ರಲ್ಲಿ ತಯಾರಿಕೆ ನಿಂತಿತು. 2001ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಕಂಪನಿಯ ಸಮಾಪನೆಗೆ ಆದೇಶಿಸಿತು. ಅಂದರೆ ಕಂಪನಿಯ ಸಮಸ್ತ ಆಸ್ತಿಯೂ ಅಧಿಕೃತ ಲಿಕ್ವಿಡೇಟರರ ಕೈಗೆ ಹೋಯಿತು. ಆಸ್ತಿಯನ್ನು ಮಾರಿ, ಬಂದ ಹಣವನ್ನು ಬ್ಯಾಂಕು, ಕಾರ್ಮಿಕರು ಮತ್ತು ಇತರ ಸಾಲಿಗರಿಗೆ ಕಾನೂನಿನ ಕ್ರಮದಲ್ಲಿ ಹಂಚುವುದು ಆ ಅಧಿಕಾರಿಯ ಹೊಣೆ.

ನೆಲ, ಕಟ್ಟಡ, ಯಂತ್ರ ಎಲ್ಲವೂ ಕಣ್ಣಿಗೆ ಕಾಣುವಂಥವು. ಹೆಸರು ಕಾಣುವಂಥದಲ್ಲ. ‘ಯೆಜ್ಡಿ’ ಟ್ರೇಡ್ ಮಾರ್ಕಿನ ನೋಂದಣಿ ಅವಧಿ ಮುಗಿದಾಗ ನವೀಕರಣಕ್ಕೆ ಯಾರೂ ಅರ್ಜಿ ಹಾಕಲಿಲ್ಲ. ಅದು ನೋಂದಣಿ ಪುಸ್ತಕದಿಂದ ಬಿದ್ದುಹೋಯಿತು. ಆದರೆ ಜನರ ಮನಸ್ಸಿನ ಪುಸ್ತಕದಲ್ಲಿ ಅದು ಹಾಗೆಯೇ ಇತ್ತು. ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಜಾವಾ ಯೆಜ್ಡಿ ಸವಾರರ ಕೂಟಗಳು ಹುಟ್ಟಿದವು. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ದಿನವೆಂದು ಆಚರಿಸಿ ನೂರಾರು ಗಾಡಿಗಳು ಒಟ್ಟಾಗಿ ಹೊರಡುವುದು ರೂಢಿಯಾಯಿತು. ಗುಜರಿಯಲ್ಲಿ ಬಿದ್ದಿದ್ದ ಟ್ಯಾಂಕು, ಸೈಲೆನ್ಸರುಗಳಿಗೆ ಬೆಲೆ ಬಂತು.

ಈ ಹಂಬಲದ ವಾಣಿಜ್ಯ ಬೆಲೆಯನ್ನು ಗುರುತಿಸಿದವರು ರುಸ್ತುಂ ಇರಾನಿಯವರ ಪುತ್ರ ಬೊಮನ್ ಇರಾನಿ. ಅವರು ‘ಯೆಜ್ಡಿ’ ಹೆಸರನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಿಕೊಂಡರು. ಮಹೀಂದ್ರ ಸಮೂಹ ಮತ್ತು ಅನುಪಮ್ ಥರೇಜಾ ಅವರೊಡಗೂಡಿ ರೂಪುಗೊಂಡ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜೆಕ್ ಒಡೆಯರಿಂದ ಲೈಸೆನ್ಸ್ ಪಡೆದು ನವೆಂಬರ್ 2018ರಲ್ಲಿ ಹೊಸ ಜಾವಾ ಗಾಡಿಗಳನ್ನೂ, ಜನವರಿ 2022ರಲ್ಲಿ ಯೆಜ್ಡಿ ಗಾಡಿಗಳನ್ನೂ ಬಿಡುಗಡೆ ಮಾಡಿತು. ಅವು ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಎಂಜಿನ್ನು ಹೊಸದು, ಫೋರ್ ಸ್ಟ್ರೋಕ್. ಹಳೆಯದೆಂದರೆ ಹೆಸರು ಮತ್ತು ರೂಪದ ನೆನಪು. ಸತ್ತ ಹೆಸರಿನ ಪೇಟೆ ದರ ಎಷ್ಟಿರಬಹುದೆಂಬುದಕ್ಕೆ ಇದೇ ಸಮೂಹದ ಇನ್ನೊಂದು ವ್ಯವಹಾರ ಸಾಕ್ಷಿ: ಬ್ರಿಟನ್ನಿನ ಹಳೆಯ ಬಿಎಸ್‌ಎ ಮೋಟಾರ್ ಸೈಕಲ್ ಹೆಸರನ್ನು ಹೊಂದಿದ್ದ ಕಂಪನಿಯನ್ನು 2016ರಲ್ಲಿ ಸುಮಾರು 28 ಕೋಟಿ ರೂಪಾಯಿಗೆ ಅವರು ಕೊಂಡರು.

ವಿವಾದ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಡಿಸೆಂಬರ್ 2022ರಲ್ಲಿ ಏಕಸದಸ್ಯ ಪೀಠ ಲಿಕ್ವಿಡೇಟರರ ಪರವಾಗಿ ತೀರ್ಪು ಕೊಟ್ಟಿತು. ಕಂಪನಿ ಸಮಾಪನೆಯಲ್ಲಿರುವಾಗ ಅದರ ಆಸ್ತಿ ನ್ಯಾಯಾಲಯದ ವಶದಲ್ಲಿರುತ್ತದೆ, ಟ್ರೇಡ್ ಮಾರ್ಕೂ ಆಸ್ತಿಯೇ, ಆದಕಾರಣ ಬೊಮನ್ ಇರಾನಿಯವರ ಹೆಸರಿನ ನೋಂದಣಿಗಳು ಅಸಿಂಧು ಎಂಬುದು ಅದರ ತಿರುಳು. ಈ ತೀರ್ಪಿನ ಮೇಲೆ ಮೇಲ್ಮನವಿ ಹೋಯಿತು. ನವೆಂಬರ್ 2025ರಲ್ಲಿ ವಿಭಾಗೀಯ ಪೀಠ ಮೊದಲಿನ ತೀರ್ಪನ್ನು ತಳ್ಳಿಹಾಕಿತು. 1996ರಿಂದ ಬಳಕೆಯಿಲ್ಲ, ನವೀಕರಣವಿಲ್ಲ, ಲಿಕ್ವಿಡೇಟರರೂ ಹೆಸರನ್ನು ಉಳಿಸಿಕೊಳ್ಳಲು ಕ್ರಮ ಕೈಗೊಳ್ಳಲಿಲ್ಲ. ಹೀಗಿರುವಾಗ ಕಂಪನಿ ಆ ಚಿಹ್ನೆಯನ್ನು ತ್ಯಜಿಸಿದಂತೆಯೇ ಎಂದು ಆ ಪೀಠ ಕಂಡಿತು.

ಎರಡು ತೀರ್ಪುಗಳಲ್ಲಿ ಯಾವುದು ಹೆಚ್ಚು ಸಮಂಜಸ ಎಂಬ ಚರ್ಚೆ ವಕೀಲ ಮಿತ್ರರಿಗೆ ಬಿಟ್ಟದ್ದು. ಲೆಕ್ಕಿಗನ ಕಣ್ಣಿಗೆ ಕಾಣುವುದು ಬೇರೆ. ಒಂದು ಹೆಸರಿನ ಮೇಲೆ ಹತ್ತು ವರ್ಷಕ್ಕೊಮ್ಮೆ ಕಟ್ಟಬೇಕಾದ ಶುಲ್ಕ ಕೆಲವೇ ಸಾವಿರ ರೂಪಾಯಿ. ಅದನ್ನು ಕಟ್ಟಿ ಹೆಸರನ್ನು ಜೀವಂತವಾಗಿರಿಸಿ, ಕೊಳ್ಳುವವರು ಬಂದಾಗ ಹರಾಜಿಗಿಟ್ಟಿದ್ದರೆ ಬರುತ್ತಿದ್ದ ಹಣ ಸಾಲಿಗರಿಗೂ ಕಾರ್ಮಿಕರಿಗೂ ಸೇರುತ್ತಿತ್ತು. ಇದರಲ್ಲಿ ನಷ್ಟ ಹೊಂದಿದವರು ಗಾಡಿಯನ್ನು ಕೈಯಾರೆ ಕಟ್ಟಿ ಆ ಹೆಸರಿಗೆ ಬೆಲೆ ತಂದವರೇ. ಹೊಸ ಕಂಪನಿಯನ್ನು ದೂರುವುದರಲ್ಲಿ ಅರ್ಥವಿಲ್ಲ. ಬೀಳು ಬಿದ್ದ ಹೊಲವನ್ನು ಉತ್ತವನು ಫಸಲು ಕೊಯ್ಯುತ್ತಾನೆ.

ಅಢಾವೆ ಪತ್ರಿಕೆಯಲ್ಲಿ ಇಲ್ಲದ ಆಸ್ತಿ

ಹೆಸರು ಹೀಗೆ ಕಣ್ಮರೆಯಾಗಲು ನಮ್ಮ ಲೆಕ್ಕಪದ್ಧತಿಯೂ ಒಂದು ಕಾರಣವೆಂದರೆ ತಪ್ಪಲ್ಲ. ಲೆಕ್ಕಶಾಸ್ತ್ರದ 26ನೆಯ ಮಾನಕದ ಪ್ರಕಾರ, ತಾವೇ ಬೆಳೆಸಿದ ಬ್ರಾಂಡಿನ ಹೆಸರನ್ನು ಅಥವಾ ಗುಡ್‌ವಿಲ್ಲನ್ನು ಅಢಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ತೋರಿಸುವಂತಿಲ್ಲ. ಹಣ ಕೊಟ್ಟು ಕೊಂಡ ಹೆಸರನ್ನು ಮಾತ್ರ ತೋರಿಸಬಹುದು. ಇದಕ್ಕೆ ಸಕಾರಣವಿದೆ: ಹಾಗಿಲ್ಲದಿದ್ದರೆ ಪ್ರತಿಯೊಬ್ಬರೂ ತಮ್ಮ ಹೆಸರಿಗೆ ತಮಗೆ ತೋಚಿದ ಬೆಲೆ ಹಾಕಿಕೊಂಡು ಬ್ಯಾಂಕಿನ ಮುಂದೆ ನಿಂತಾರು. ಆದರೆ ಇದರ ಪರಿಣಾಮವಾಗಿ ನಲವತ್ತು ವರ್ಷ ಬೆವರು ಸುರಿಸಿ ಕಟ್ಟಿದ ಹೆಸರು ಸೊನ್ನೆ ರೂಪಾಯಿ, ನೆರೆಯವನು ಕಳೆದ ವರ್ಷ ಐದು ಲಕ್ಷಕ್ಕೆ ಕೊಂಡ ಹೆಸರು ಐದು ಲಕ್ಷ. ಪಟ್ಟಿಯಲ್ಲಿ ಇಲ್ಲದ್ದನ್ನು ಪಾಲು ಹಂಚುವಾಗ, ಮಾರುವಾಗ, ಮುಚ್ಚುವಾಗ ಯಾರೂ ಕೇಳುವುದಿಲ್ಲ.

ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ಇಡೀ ದೇಶಕ್ಕೆ ತೀರ್ಪಾದದ್ದು ನಮ್ಮ ಕರ್ನಾಟಕದ ಊದುಬತ್ತಿ ವ್ಯಾಪಾರದಿಂದಲೇ. ಬಿ.ಸಿ. ಶ್ರೀನಿವಾಸ ಶೆಟ್ಟಿ ಪ್ರಕರಣವೆಂದು ವಾಣಿಜ್ಯ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಊದುಬತ್ತಿ ತಯಾರಿಸುವ ಪಾಲುದಾರಿಕೆ ಸಂಸ್ಥೆಯೊಂದು 1965ರ ಅಂತ್ಯದಲ್ಲಿ ವಿಸರ್ಜನೆಗೊಂಡಾಗ ಅದರ ಗುಡ್‌ವಿಲ್ಲಿಗೆ 1,50,000 ರೂಪಾಯಿ ಬೆಲೆ ಕಟ್ಟಲಾಯಿತು. ಈ ಹಣಕ್ಕೆ ಬಂಡವಾಳ ಲಾಭದ ತೆರಿಗೆ ಇದೆಯೇ? ತಾನೇ ಬೆಳೆಸಿದ ಗುಡ್‌ವಿಲ್ಲಿಗೆ ಕೊಂಡ ಬೆಲೆ ಎಂಬುದೇ ಇಲ್ಲ. ಬೆಲೆ ಹೇಳಲಾಗದ ಕಡೆ ಲಾಭದ ಲೆಕ್ಕ ನಡೆಯದು. ಆದ್ದರಿಂದ ತೆರಿಗೆಯಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1981ರಲ್ಲಿ ತೀರ್ಪಿತ್ತಿತು. ವರ್ತಕರ ಸಂತೋಷ ಹೆಚ್ಚು ಕಾಲ ಬಾಳಲಿಲ್ಲ. 1987ರ ಹಣಕಾಸು ಕಾಯ್ದೆ ಸ್ವಂತ ಗುಡ್‌ವಿಲ್ಲಿನ ಕೊಂಡ ಬೆಲೆಯನ್ನು ಸೊನ್ನೆಯೆಂದು ಭಾವಿಸಬೇಕೆಂದಿತು. 2001ರ ಹಣಕಾಸು ಕಾಯ್ದೆ ಅದೇ ನಿಯಮವನ್ನು ಟ್ರೇಡ್ ಮಾರ್ಕಿಗೂ ಬ್ರಾಂಡಿನ ಹೆಸರಿಗೂ ವಿಸ್ತರಿಸಿತು. ಪರಿಣಾಮವೆಂದರೆ ಇಂದು ತಾವು ಬೆಳೆಸಿದ ಹೆಸರನ್ನು ಹತ್ತು ಲಕ್ಷಕ್ಕೆ ಮಾರಿದರೆ ಹತ್ತು ಲಕ್ಷವೂ ಲಾಭವೇ. 23 ಜುಲೈ 2024ರಿಂದ ದೀರ್ಘಾವಧಿ ಬಂಡವಾಳ ಲಾಭದ ದರ ಶೇಕಡಾ 12.5. ಜಿಎಸ್‌ಟಿಯ ವಿಷಯ ಬೇರೆಯೇ ಇದ್ದು, ಟ್ರೇಡ್ ಮಾರ್ಕಿನ ವರ್ಗಾವಣೆಗೆ ಅದು ತಗಲುತ್ತದೆ ಎಂಬುದನ್ನು ಕರಾರು ಬರೆಯುವ ಮೊದಲೇ ತಿಳಿದಿರಬೇಕು.

ಗಮನಿಸಿ: ತೆರಿಗೆ ಇಲಾಖೆ ಹೆಸರಿನ ಬೆಲೆಯನ್ನು 1987ರಲ್ಲಿಯೇ ಗುರುತಿಸಿದೆ. ಒಡೆಯರು ಇನ್ನೂ ಗುರುತಿಸಬೇಕಾಗಿದೆ.

ನಮ್ಮ ಮಿಲ್ಲುಗಳ ಮಾತು

ಕೆಲವು ವರ್ಷಗಳ ಹಿಂದೆ ಮೂವರು ಸಹೋದರರ ಪಾಲುದಾರಿಕೆಯ ಬೇಳೆ ಮಿಲ್ಲೊಂದರ ವಿಸರ್ಜನಾ ಪತ್ರ ನನ್ನ ಮುಂದೆ ಬಂತು. ಯಂತ್ರ, ಗೋದಾಮು, ಟ್ರ್ಯಾಕ್ಟರು, ಬರಬೇಕಾದ ಬಾಕಿ, ಕೊನೆಗೆ ತೂಕದ ಕಲ್ಲುಗಳವರೆಗೆ ಎಲ್ಲವೂ ಬರೆದಿತ್ತು. ಮೂವತ್ತು ವರ್ಷದಿಂದ ಚೀಲದ ಮೇಲೆ ಅಚ್ಚಾಗುತ್ತಿದ್ದ ಗುರುತಿನ ಮಾತು ಎಲ್ಲಿಯೂ ಇರಲಿಲ್ಲ. ‘ಅದಕ್ಕೇನದ ಸಾಹೇಬ್ರ, ಚೀಲದ ಮ್ಯಾಲಿನ ಚಿತ್ರ’ ಎಂದರು ಹಿರಿಯರು. ಪತ್ರಕ್ಕೆ ಸಹಿಯಾಗಿ ಒಂದು ಸುಗ್ಗಿ ಕಳೆಯುವಷ್ಟರಲ್ಲಿ ಮೂವರ ಪೈಕಿ ಇಬ್ಬರು ಅದೇ ಚಿತ್ರದ ಚೀಲದಲ್ಲಿ ಬೇಳೆ ತುಂಬುತ್ತಿದ್ದರು; ಅವರ ಸರಕನ್ನು ಹೊರರಾಜ್ಯದಲ್ಲಿ ಮಾರುತ್ತಿದ್ದ ದಲಾಲಿಯೊಬ್ಬರು ಆ ಹೆಸರಿಗೆ ತಮ್ಮ ಹೆಸರಿನಲ್ಲಿ ನೋಂದಣಿ ಅರ್ಜಿ ಹಾಕಿಕೊಂಡಿದ್ದರು. ಅಣ್ಣತಮ್ಮಂದಿರ ಮಾತು ನಿಂತದ್ದು ಗೋದಾಮಿನ ವಿಷಯಕ್ಕಲ್ಲ, ಈ ಚಿತ್ರದ ವಿಷಯಕ್ಕೆ.

1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 14ನೆಯ ಕಲಮು ಗುಡ್‌ವಿಲ್ಲು ಸಂಸ್ಥೆಯ ಆಸ್ತಿಯೆಂದು ಸ್ಪಷ್ಟವಾಗಿ ಹೇಳುತ್ತದೆ. ವಿಸರ್ಜನೆಯ ನಂತರ ಲೆಕ್ಕ ಚುಕ್ತಾ ಮಾಡುವಾಗ, ಬೇರೆ ಕರಾರು ಇಲ್ಲದಿದ್ದರೆ, ಅದನ್ನೂ ಆಸ್ತಿಯಲ್ಲಿ ಸೇರಿಸಬೇಕೆಂಬುದು 55ನೆಯ ಕಲಮಿನ ವಿಧಿ. ಆದ್ದರಿಂದ ಪಾಲುಪತ್ರದಲ್ಲಿ ಒಂದೇ ಒಂದು ಸಾಲು ಸಾಕು: ಇಂಥ ಹೆಸರು, ಇಂಥ ಚಿತ್ರ, ಇಂಥವರ ಪಾಲಿಗೆ, ಇಷ್ಟು ಬೆಲೆಗೆ, ಉಳಿದವರು ಬಳಸತಕ್ಕದ್ದಲ್ಲ. ಈ ಸಾಲಿಗೆ ಖರ್ಚಾಗುವ ಶಾಯಿಯ ಬೆಲೆಯನ್ನು ನಾನು ಬಿಲ್ಲಿನಲ್ಲಿ ಸೇರಿಸುವುದಿಲ್ಲ.

ನೋಂದಣಿಯ ವಿಷಯಕ್ಕೆ ಬಂದರೆ, 1999ರ ಟ್ರೇಡ್ ಮಾರ್ಕ್ ಕಾಯ್ದೆ ಸೆಪ್ಟೆಂಬರ್ 2003ರಿಂದ ಜಾರಿಯಲ್ಲಿದೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರಿದರೂ ಅರ್ಜಿಯನ್ನು ಕಂಪ್ಯೂಟರಿನಲ್ಲೇ ಸಲ್ಲಿಸಬಹುದು. 2017ರ ನಿಯಮಗಳ ಪ್ರಕಾರ ಹೀಗೆ ಸಲ್ಲಿಸುವ ಅರ್ಜಿಗೆ ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ದಿಮೆಗೆ ಪ್ರತಿ ವರ್ಗಕ್ಕೆ 4,500 ರೂಪಾಯಿ, ಇತರರಿಗೆ 9,000. ಸರಕುಗಳನ್ನು ವರ್ಗಗಳಾಗಿ ವಿಂಗಡಿಸಲಾಗಿದೆ. ಅಕ್ಕಿ ಮತ್ತು ಹಿಟ್ಟು 30ನೆಯ ವರ್ಗ, ಮೋಟಾರ್ ಸೈಕಲ್ 12, ವಾದ್ಯಗಳು 15. ಅಕ್ಕಿಗೆ ಪಡೆದ ನೋಂದಣಿ ತಾನಾಗಿಯೇ ಎಣ್ಣೆಗೆ ಅನ್ವಯಿಸುವುದಿಲ್ಲ. ಮುಂದೆ ಯಾವ ಸರಕಿಗೆ ಕೈ ಹಾಕುವ ಇರಾದೆಯಿದೆ ಎಂಬುದನ್ನು ಅರ್ಜಿಯ ಮೊದಲೇ ಯೋಚಿಸಬೇಕು. ನೋಂದಣಿಯ ಆಯುಷ್ಯ ಹತ್ತು ವರ್ಷ. ಎಷ್ಟು ಸಲವಾದರೂ ನವೀಕರಿಸಬಹುದು.

ನವೀಕರಣವೊಂದೇ ಸಾಲದು, ಬಳಕೆಯೂ ಬೇಕು. ನೋಂದಣಿಯಾದ ಹೆಸರನ್ನು ನಿರಂತರವಾಗಿ ಐದು ವರ್ಷ ಮೂರು ತಿಂಗಳು ಬಳಸದೆ ಬಿಟ್ಟರೆ, ಅದನ್ನು ಪುಸ್ತಕದಿಂದ ತೆಗೆಯಬೇಕೆಂದು ಬಾಧಿತರಾದ ಯಾರು ಬೇಕಾದರೂ 47ನೆಯ ಕಲಮಿನ ಅಡಿ ಕೇಳಬಹುದು. ವ್ಯಾಪಾರದ ವಿಶೇಷ ಪರಿಸ್ಥಿತಿಯಿಂದ ಬಳಕೆ ಅಸಾಧ್ಯವಾಗಿತ್ತೆಂದು ತೋರಿಸಿದರೆ ವಿನಾಯಿತಿ ಉಂಟು. ಮನೆಯ ಜಗಳ ಅಂಥ ಪರಿಸ್ಥಿತಿಯೆಂದು ಎಣಿಸಬೇಡಿ. ಮಿಲ್ಲು ನಿಂತಿದ್ದರೂ ಹೆಸರು ಉಳಿಸಿಕೊಳ್ಳಬೇಕೆಂದಿದ್ದರೆ ಬೇರೆಯವರ ಮಿಲ್ಲಿನಲ್ಲಿ ಕೂಲಿಗೆ ಮಾಡಿಸಿ ತಮ್ಮ ಚೀಲದಲ್ಲಿ ಮಾರಬಹುದು, ಅಥವಾ ಬರವಣಿಗೆಯ ಕರಾರು ಮಾಡಿಕೊಂಡು ಬಳಕೆಗೆ ಕೊಡಬಹುದು. ಪ್ರತಿವರ್ಷದ ಒಂದೆರಡು ಇನ್‌ವಾಯ್ಸ್, ಚೀಲದ ಮಾದರಿ, ಅಚ್ಚಿನ ಬಿಲ್ಲು, ಜಾಹೀರಾತಿನ ತುಣುಕು ಇವನ್ನು ದಿನಾಂಕ ಸಮೇತ ಒಂದು ಫೈಲಿನಲ್ಲಿ ಇಡಬೇಕು. ಮೊದಲು ಬಳಸಿದವರು ಯಾರು ಎಂಬ ಪ್ರಶ್ನೆ ಬಂದಾಗ ಈ ಹಳದಿಗಟ್ಟಿದ ಕಾಗದಗಳೇ ಮಾತಾಡುತ್ತವೆ. ನೋಂದಣಿ ಇಲ್ಲದವರಿಗೂ ಮುಂಚಿನ ಬಳಕೆಯ ರಕ್ಷಣೆ ಕಾಯ್ದೆಯ 34ನೆಯ ಕಲಮಿನಲ್ಲಿದೆ. ಪುರಾವೆಯ ಹೊರೆ ಮಾತ್ರ ಅವರದೇ.

ಎಲ್ಲ ಹಳೆಯ ಹೆಸರಿಗೂ ಬೆಲೆ ಇರುತ್ತದೆಂಬ ಭ್ರಮೆ ಬೇಡ. ಫೆಂಡರ್, ಯೆಜ್ಡಿ, ಎಚ್‌ಎಂಟಿಗಳಿಗೆ ಗ್ರಾಹಕರೇ ದಶಕಗಳ ಕಾಲ ಕಾವಲು ಕಾದರು. ನಮ್ಮ ಬಹುಪಾಲು ಚೀಲದ ಗುರುತುಗಳಿಗೆ ಅಂಥ ಭಾಗ್ಯವಿಲ್ಲ. ಎರಡು ಸುಗ್ಗಿ ಅಂಗಡಿಯಲ್ಲಿ ಕಾಣದಿದ್ದರೆ ಗಿರಾಕಿ ಬೇರೆ ಚೀಲಕ್ಕೆ ಹೋಗುತ್ತಾನೆ. ಆದರೆ ಸೋಲಾಪುರದಲ್ಲೋ ಹೈದರಾಬಾದಿನಲ್ಲೋ ತಮ್ಮ ಗುರುತಿನ ಬೇಳೆಯನ್ನೇ ಹೆಸರಿಟ್ಟು ಕೇಳುವ ಹತ್ತು ಕಿರಾಣಿ ಅಂಗಡಿಗಳಿದ್ದರೂ ಆ ಗುರುತಿಗೆ ಬೆಲೆಯಿದೆಯೆಂದು ತಿಳಿಯಬೇಕು. ಮಿಲ್ಲು ಮಾರುವ ಮಾತುಕತೆಯಲ್ಲಿ ಕೊಳ್ಳುವವರು ‘ಗೋದಾಮು ಬೇಡ, ಹೆಸರು ಕೊಡಿ’ ಎಂದರೆ ಗಾಬರಿಯಾಗದೆ, ಅವಸರಪಡದೆ ಬೆಲೆ ಕೇಳಬೇಕು. ವರ್ಗಾವಣೆ ಬರವಣಿಗೆಯಲ್ಲೇ ಆಗಬೇಕು, ಮತ್ತು ಕೊಂಡವರು ಅದನ್ನು ಟ್ರೇಡ್ ಮಾರ್ಕ್ ಕಚೇರಿಯಲ್ಲಿ ದಾಖಲಿಸಬೇಕು. ಗುಡ್‌ವಿಲ್ಲನ್ನು ಬಿಟ್ಟು ಹೆಸರನ್ನಷ್ಟೇ ಮಾರುವುದಾದರೆ ಆರು ತಿಂಗಳೊಳಗೆ ರಿಜಿಸ್ಟ್ರಾರರ ನಿರ್ದೇಶನ ಪಡೆದು ಪ್ರಕಟಣೆ ಕೊಡಬೇಕೆಂಬ ವಿಶೇಷ ವಿಧಿಯಿದೆ. ಇದನ್ನು ಮರೆತ ಕರಾರುಗಳು ಆಮೇಲೆ ತೊಡಕಿಗೆ ಸಿಲುಕುತ್ತವೆ.

ಈಗಾಗಲೇ ನೋಂದಣಿ ಹೊಂದಿರುವ ಸದಸ್ಯರು ತಮ್ಮ ಪ್ರಮಾಣಪತ್ರ ತೆಗೆದು ದಿನಾಂಕ ನೋಡಿಕೊಳ್ಳಬೇಕಾಗಿ ವಿನಂತಿ. ಹತ್ತು ವರ್ಷವನ್ನು ಎಣಿಸಬೇಕಾದದ್ದು ಪ್ರಮಾಣಪತ್ರ ಕೈಗೆ ಬಂದ ದಿನದಿಂದಲ್ಲ, ಅರ್ಜಿ ಸಲ್ಲಿಸಿದ ದಿನದಿಂದ. ಅವಧಿ ಮುಗಿಯುವ ಮುಂಚಿನ ಒಂದು ವರ್ಷದೊಳಗೆ ಕಂಪ್ಯೂಟರಿನಲ್ಲಿ ನವೀಕರಣಕ್ಕೆ ಅರ್ಜಿ ಹಾಕಿದರೆ ಶುಲ್ಕ ಪ್ರತಿ ವರ್ಗಕ್ಕೆ 9,000 ರೂಪಾಯಿ. ಅವಧಿ ಮುಗಿದ ಮೇಲೆ ಆರು ತಿಂಗಳವರೆಗೆ ದಂಡಶುಲ್ಕ ಸೇರಿಸಿ ಕಟ್ಟಬಹುದು. ಅದನ್ನೂ ಮೀರಿದರೆ, ಮುಗಿದ ದಿನದಿಂದ ಒಂದು ವರ್ಷದೊಳಗೆ ಪುನಃಸ್ಥಾಪನೆಗೆ ಕೋರಬಹುದು. ಅಲ್ಲಿಂದ ಮುಂದೆ ಹೊಸ ಅರ್ಜಿಯೇ ಗತಿ, ಆ ಹೊತ್ತಿಗೆ ಸಾಲಿನಲ್ಲಿ ಬೇರೆ ಯಾರಾದರೂ ಮುಂದೆ ನಿಂತಿರದಿದ್ದರೆ.